ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಗುರುಕುಲವಾಸ

ವಿದ್ಯೆಯನ್ನರಸಿ ಮನೆಯನ್ನು ಬಿಟ್ಟು ಹೊರಟವನಿಗೆ ಎಲ್ಲಿ ವಾಸಿಸಬೇಕು, ಯಾರ ಕೈಯ ಅನ್ನವನ್ನುಣ್ಣಬೇಕು, ಯಾರ ಸಂಗದಲ್ಲಿರಬೇಕು ಎಂಬ ಮೂರು ಪ್ರಶ್ನೆಗಳು ಪುಸ್ತಕವನ್ನು ತೆರೆಯುವುದಕ್ಕೆ ಮೊದಲೇ ಎದುರಾಗುವುವು. ಪ್ರಾಚೀನಕಾಲದ ಗುರುಕುಲಗಳಲ್ಲಿ ಗುರುವಿನ ಮನೆಯೇ ಶಿಷ್ಯನ ಮನೆಯೂ, ಗುರುಪತ್ನಿಯು ಬಡಿಸಿದ ಅನ್ನವೇ ಶಿಷ್ಯನ ಅನ್ನವೂ ಆಗಿದ್ದುದರಿಂದ ಈ ಮೂರೂ ಒಂದೇ ಪ್ರಶ್ನೆಯಾಗಿದ್ದುವು. ಕಾಲಾಂತರದಲ್ಲಿ ವಿದ್ಯಾಸ್ಥಾನಗಳು ಬೃಹತ್ತಾಗಿ ಬೆಳೆದು, ದೂರದೇಶಗಳ ವಿದ್ಯಾರ್ಥಿಗಳು ಅಲ್ಲಿ ನೆರೆಯತೊಡಗಿದ ಮೇಲೆ, ಗುರುವು ಒಂದು ಕಡೆ, ಅನ್ನವು ಮತ್ತೊಂದು ಕಡೆ, ಬಂಧುಜನರು ಇನ್ನೊಂದು ಕಡೆ ಎಂಬಂತಾಗಿ, ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುವ ಸ್ಥಿತಿಯೊದಗಿತು. ಭರತಖಂಡದ ಕೀರ್ತಿಯನ್ನು ಗಣಿತಪ್ರಪಂಚದಲ್ಲಿ ಬೆಳಗಿಸಿದ ಶ್ರೀನಿವಾಸ ರಾಮಾನುಜನ್ನರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಇಂತಹ ಆಯ್ಕೆಯೊಂದನ್ನು ಮಾಡಬೇಕಾಯಿತು. ಅದು ಎಂತಹ ಫಲವನ್ನು ಕೊಟ್ಟಿತು, ಎಷ್ಟು ಬೆಲೆಯನ್ನು ತೆಗೆದುಕೊಂಡಿತು ಎಂಬುದು ವಿದ್ಯಾರ್ಥಿಗಳೂ ವಿದ್ಯಾರ್ಥಿಪೋಷಕರೂ ತಿಳಿದಿರತಕ್ಕ ವಿಷಯವಾಗಿದೆ.

ಜನನ ಮತ್ತು ಬಾಲ್ಯ

ರಾಮಾನುಜನ್ನರು ೧೮೮೭ನೆಯ ಇಸವಿ ಡಿಸೆಂಬರ್ ೨೨ರಂದು ಈರೋಡಿನಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ಅವರದು ಶ್ರೀವೈಷ್ಣವ ಬ್ರಾಹ್ಮಣ ಕುಟುಂಬ. ತಂದೆ ಶ್ರೀನಿವಾಸ ಅಯ್ಯಂಗಾರರು ಕುಂಭಕೋಣದ ಜವಳಿ ಅಂಗಡಿಯೊಂದರಲ್ಲಿ ಲೆಕ್ಕಪತ್ರದ ಗುಮಾಸ್ತರು. ತಾಯಿ ಕೋಮಲತ್ತಮ್ಮಾಳ್ ಅವರು ದೃಢಭಕ್ತಿಯುಳ್ಳವರಾಗಿ, ದೇವಾಲಯದಲ್ಲಿ ಭಜನೆಗಳನ್ನು ಹಾಡುತ್ತಿದ್ದರು. ನಾಮಕ್ಕಲ್ಲಿನ ನಾಮಗಿರಿ ದೇವಿಯು ಆ ಮನೆತನದ ಇಷ್ಟದೈವವು. ಕುಂಭಕೋಣದ ಶಾರ್ಙ್ಗಪಾಣಿ ದೇವಾಲಯದ ಸನ್ನಿಧಿಬೀದಿಯ ಚಿಕ್ಕ ಮನೆಯಲ್ಲಿ ಬಾಲಕನು ಬೆಳೆದನು.

ತಂದೆಯ ಸಂಪಾದನೆಯು ಸಾಲದಿದ್ದುದರಿಂದ ಆ ಮನೆಯಲ್ಲಿ ಊರಿನ ಸರಕಾರಿ ಕಾಲೇಜಿನ ವಿದ್ಯಾರ್ಥಿಗಳಿಗೆ ಊಟ ವಸತಿಗಳನ್ನು ಕೊಟ್ಟು, ಅದರಿಂದ ಬಂದ ಅಲ್ಪದ್ರವ್ಯದಿಂದ ಸಂಸಾರವನ್ನು ಸಾಗಿಸುತ್ತಿದ್ದರು. ಹಾಗೆ ನೆಲಸಿದ್ದ ಇಬ್ಬರು ಕಾಲೇಜು ವಿದ್ಯಾರ್ಥಿಗಳೇ ರಾಮಾನುಜನ್ನರ ಮೊದಲ ಗಣಿತಬೋಧಕರು. ಹನ್ನೊಂದು ವರ್ಷ ತುಂಬುವಷ್ಟರಲ್ಲಿ ಬಾಲಕನು ಅವರಿಬ್ಬರಿಗೂ ತಿಳಿದಿದ್ದ ಗಣಿತವನ್ನೆಲ್ಲ ಕಲಿತು ಮುಗಿಸಿದನು. ಪರರಿಗೆ ಆಶ್ರಯವಿತ್ತ ಬಡಮನೆಗೆ ವಿದ್ಯೆಯು ಈ ರೀತಿಯಾಗಿ ತಾನಾಗಿಯೇ ಬಂದು ಸೇರಿತೆಂಬುದು ಚಿಂತನಾರ್ಹವಾಗಿದೆ.

೧೯೦೩ರಲ್ಲಿ ಜಾರ್ಜ್ ಕಾರ್ ಎಂಬವರು ರಚಿಸಿದ ಸೂತ್ರಸಂಗ್ರಹವೊಂದು ಅವರ ಕೈಸೇರಿತು. ಸಾವಿರಾರು ಗಣಿತಸೂತ್ರಗಳನ್ನು ಬಹುಮಟ್ಟಿಗೆ ಸಾಧನೆಯಿಲ್ಲದೆ ಜೋಡಿಸಿದ್ದ ಆ ಗ್ರಂಥವು ಅವರಿಗೆ ದೀಕ್ಷೆಯನ್ನಿತ್ತಂತಾಯಿತು. ಒಂದೊಂದು ಸೂತ್ರವನ್ನೂ ತಾವೇ ಸಾಧಿಸುತ್ತ, ಗ್ರಂಥದಲ್ಲಿಲ್ಲದ ಸೂತ್ರಗಳನ್ನು ಕಾಣುತ್ತ ಅವರು ಬೇರೆಲ್ಲ ವಿಷಯಗಳನ್ನು ಮರೆತರು. ೧೯೦೪ರಲ್ಲಿ ಶಾಲೆಯ ಬಹುಮಾನವೂ, ಕುಂಭಕೋಣದ ಕಾಲೇಜಿನ ವಿದ್ಯಾರ್ಥಿವೇತನವೂ ದೊರೆತುವು. ಆದರೆ ಇತರ ವಿಷಯಗಳಲ್ಲಿ ತೇರ್ಗಡೆಯಾಗದೆ ವಿದ್ಯಾರ್ಥಿವೇತನವು ತಪ್ಪಿಹೋಯಿತು. ೧೯೦೫ರಲ್ಲಿ ಮನೆಯವರಿಗೆ ಹೇಳದೆ ವಿಶಾಖಪಟ್ಟಣದ ಕಡೆಗೆ ಹೊರಟುಹೋದರು. ಮರುವರ್ಷ ಮದರಾಸಿನ ಪಚ್ಚಯ್ಯಪ್ಪ ಕಾಲೇಜನ್ನು ಸೇರಿದರು. ಅಲ್ಲಿಯೂ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು.

ನೆಲೆಯಿಲ್ಲದ ದಿನಗಳು

ಅಲ್ಲಿಂದ ಮುಂದಿನ ಕೆಲವು ವರ್ಷಗಳು ಅವರಿಗೆ ನಿಂತ ನೆಲೆಯಿರಲಿಲ್ಲ. ೧೯೦೯ರ ಜುಲೈ ೧೪ರಂದು ಜಾನಕಿಯೆಂಬ ಬಾಲಿಕೆಯೊಡನೆ ವಿವಾಹವಾಯಿತು. ಸಂಸಾರದ ಹೊಣೆಯು ಬಿದ್ದರೂ ಸಂಪಾದನೆಯಿರಲಿಲ್ಲ. ಮದರಾಸಿನಲ್ಲಿ ಸ್ನೇಹಿತರ ಕೊಠಡಿಗಳಲ್ಲಿ ಆಶ್ರಯ ಪಡೆದು, ಕಾಗದವು ತುಟ್ಟಿಯಾದುದರಿಂದ ಬಳಪದ ಹಲಗೆಯ ಮೇಲೆ ಲೆಕ್ಕಗಳನ್ನು ಬರೆದು, ಮೊಣಕೈಯಿಂದ ಅಳಿಸಿ, ಕಂಡ ಫಲವನ್ನು ಮಾತ್ರ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರರಾಯರು ಅವರ ಯೋಗ್ಯತೆಯನ್ನು ಮನಗಂಡು ಕೆಲವು ಕಾಲ ತಿಂಗಳಿಗೆ ೨೫ ರೂಪಾಯಿಗಳ ಸಹಾಯವನ್ನು ಮಾಡಿದರು. ಆ ದಿನಗಳಲ್ಲಿ ತಿರುವಲ್ಲಿಕ್ಕೇಣಿಯ ಸಮ್ಮರ್ ಹೌಸ್ ಎಂಬ ವಸತಿಯಲ್ಲಿ ಅವರು ಇದ್ದರು.

೧೯೧೨ರ ಮಾರ್ಚಿ ತಿಂಗಳಿನಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ ೩೦ ರೂಪಾಯಿಗಳ ಗುಮಾಸ್ತೆ ಕೆಲಸವು ದೊರೆಯಿತು. ಕಚೇರಿಯ ಮುಖ್ಯಸ್ಥರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗರೂ, ಮೇಲಧಿಕಾರಿಗಳಾದ ಎಸ್. ನಾರಾಯಣ ಅಯ್ಯರವರೂ ಅವರನ್ನು ಬರಿಯ ಗುಮಾಸ್ತರೆಂದು ಕಾಣಲಿಲ್ಲ. ಅವರ ಪ್ರೋತ್ಸಾಹದಿಂದ ರಾಮಾನುಜನ್ನರು ೧೯೧೩ರ ಜನವರಿ ೧೬ರಂದು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಗಣಿತಪಂಡಿತರಾದ ಜಿ. ಎಚ್. ಹಾರ್ಡಿಯವರಿಗೆ ತಮ್ಮ ಸೂತ್ರಗಳನ್ನು ಬರೆದು ಕಳುಹಿಸಿದರು. ಹಾರ್ಡಿಯವರು ತಮ್ಮ ಸಹೋದ್ಯೋಗಿಗಳಾದ ಲಿಟಲ್‌ವುಡ್ಡರೊಡನೆ ಆ ಪತ್ರವನ್ನು ಪರಿಶೀಲಿಸಿ, ಬರೆದವನು ಅಸಾಮಾನ್ಯನೆಂದು ನಿಶ್ಚಯಿಸಿದರು. ಅದೇ ವರ್ಷ ಮದರಾಸು ವಿಶ್ವವಿದ್ಯಾಲಯವು ಪದವಿಯಿಲ್ಲದ ಈ ಗುಮಾಸ್ತರಿಗೆ ತಿಂಗಳಿಗೆ ೭೫ ರೂಪಾಯಿಗಳ ಸಂಶೋಧನವೇತನವನ್ನು ಮಂಜೂರುಮಾಡಿತು.

ಸಮುದ್ರಯಾನದ ಸಂಕಟ

ಹಾರ್ಡಿಯವರು ಕೇಂಬ್ರಿಜಿಗೆ ಬರುವಂತೆ ಆಹ್ವಾನವನ್ನು ಕಳುಹಿಸಿದರು. ಸಮುದ್ರಯಾನದಿಂದ ಜಾತಿಭ್ರಷ್ಟರಾಗುವರೆಂಬ ನಂಬಿಕೆಯು ಆ ಕಾಲದ ಆಚಾರವಂತ ಕುಟುಂಬಗಳಲ್ಲಿ ಬಲವಾಗಿದ್ದುದರಿಂದ ರಾಮಾನುಜನ್ನರು ಮೊದಲು ಒಪ್ಪಲಿಲ್ಲ. ೧೯೧೪ರ ಆದಿಯಲ್ಲಿ ಟ್ರಿನಿಟಿ ಕಾಲೇಜಿನ ತರುಣ ಪಂಡಿತರಾದ ಇ. ಎಚ್. ನೆವಿಲ್ಲರು ಉಪನ್ಯಾಸಗಳಿಗಾಗಿ ಮದರಾಸಿಗೆ ಬಂದು, ಅವರೊಡನೆ ಸ್ನೇಹವನ್ನು ಬೆಳೆಸಿ, ಮತ್ತೆ ಆ ಪ್ರಸ್ತಾಪವನ್ನೆತ್ತಿದರು. ಅಷ್ಟರಲ್ಲಿ ತಾಯಿಗೆ ನಾಮಗಿರಿ ದೇವಿಯು ಸ್ವಪ್ನದಲ್ಲಿ ಕಾಣಿಸಿಕೊಂಡು, ಮಗನ ದಾರಿಗೆ ಅಡ್ಡಬರಕೂಡದೆಂದು ಸೂಚಿಸಿದಳೆಂದು ಪ್ರತೀತಿ. ತಾಯಿಯ ಅನುಮತಿಯು ದೊರೆಯಿತು. ಮದರಾಸು ವಿಶ್ವವಿದ್ಯಾಲಯವು ವರ್ಷಕ್ಕೆ ೨೫೦ ಪೌಂಡುಗಳನ್ನೂ ಪ್ರಯಾಣವೆಚ್ಚವನ್ನೂ ಕೊಡಲೊಪ್ಪಿತು. ಟ್ರಿನಿಟಿ ಕಾಲೇಜು ೬೦ ಪೌಂಡುಗಳನ್ನು ಸೇರಿಸಿತು. ಅದರಲ್ಲಿ ತಿಂಗಳಿಗೆ ೬೦ ರೂಪಾಯಿಗಳು ತಾಯಿತಂದೆಗಳಿಗೆ ಸಲ್ಲುವಂತೆ ರಾಮಾನುಜನ್ನರು ಏರ್ಪಡಿಸಿದರು.

ಹೊರಡುವುದಕ್ಕೆ ಮೊದಲು ತಾಯಿಯನ್ನೂ ಪತ್ನಿಯನ್ನೂ ಕುಂಭಕೋಣಕ್ಕೆ ಕಳುಹಿಸಿ, ಶಿಖೆಯನ್ನು ತೆಗೆಯಿಸಿ, ಪಾಶ್ಚಾತ್ಯರ ಉಡುಪನ್ನು ಧರಿಸಿದರು. ವೇಷವು ಬದಲಾಯಿತು. ಆಹಾರನಿಯಮವನ್ನು ಮಾತ್ರ ಬದಲಾಯಿಸಕೂಡದೆಂಬುದು ಅವರ ಸಂಕಲ್ಪವು. ೧೯೧೪ರ ಮಾರ್ಚಿ ೧೭ರಂದು ನೆವಾಸಾ ಎಂಬ ಹಡಗಿನಲ್ಲಿ ಹೊರಟು ಏಪ್ರಿಲ್ ೧೪ರಂದು ಲಂಡನ್ನಿಗೆ ತಲಪಿದರು.

ವಸತಿಯ ನಿರ್ಣಯ

ಹಡಗುಕಟ್ಟೆಗೆ ನೆವಿಲ್ಲರೂ ಅವರ ಸಹೋದರರೂ ಬಂದು ಎದುರುಗೊಂಡರು. ಹೊಸದಾಗಿ ಬರುವ ಭಾರತೀಯ ವಿದ್ಯಾರ್ಥಿಗಳಿಗಾಗಿ ಲಂಡನ್ನಿನ ಕ್ರಾಂವೆಲ್ ರಸ್ತೆಯಲ್ಲಿ ಒಂದು ತಂಗುಮನೆಯಿದ್ದಿತು. ಅಲ್ಲಿ ಕೆಲವು ದಿನಗಳಿದ್ದು, ಅನಂತರ ಕೇಂಬ್ರಿಜಿಗೆ ಹೋಗಿ, ನೆವಿಲ್ಲರ ಮನೆಯಲ್ಲಿಯೇ ಇಳಿದುಕೊಂಡರು. ಕ್ಯಾಮ್ ನದಿಯ ಆಚೆಯ ದಡದ ಚೆಸ್ಟರ್ಟನ್ ರಸ್ತೆಯಲ್ಲಿದ್ದ ಆ ಮನೆಯಲ್ಲಿ ನೆವಿಲ್ ದಂಪತಿಗಳು ಅತಿಥಿಯನ್ನು ಆದರದಿಂದ ನೋಡಿಕೊಂಡರು. ಪಾದರಕ್ಷೆಗಳು ಕಾಲನ್ನು ಕಚ್ಚುತ್ತಿದ್ದುವು, ಅಪರಿಚಿತ ದೇಶದ ಗಾಳಿಯು ಮೈಗೆ ಹೊಂದುತ್ತಿರಲಿಲ್ಲ. ಆದರೂ ಮಾತನಾಡಿಸುವ ಗೃಹಿಣಿಯೂ, ಗಣಿತವನ್ನು ಬಲ್ಲ ಗೃಹಸ್ಥನೂ ಇದ್ದ ಮನೆಯಲ್ಲಿ ಅವರು ಸುಮಾರು ಒಂದೂವರೆ ತಿಂಗಳು ನೆಮ್ಮದಿಯಾಗಿದ್ದರು.

ಕೇಂಬ್ರಿಜಿನ ಪದ್ಧತಿಯು ನಮ್ಮ ದೇಶದ ವಿಶ್ವವಿದ್ಯಾಲಯಗಳ ಪದ್ಧತಿಗಿಂತ ಭಿನ್ನವಾದುದು. ಅಲ್ಲಿ ಕಾಲೇಜೆಂದರೆ ಪಾಠಶಾಲೆ ಮಾತ್ರವಾಗಿರದೆ, ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಆವರಣದಲ್ಲಿ ವಾಸಿಸಿ, ಒಂದೇ ಭೋಜನಶಾಲೆಯಲ್ಲಿ ಉಂಡು, ಒಂದೇ ಪ್ರಾರ್ಥನಾಮಂದಿರವನ್ನು ಹೊಂದಿರುವ ಮಠದಂತಹ ಸಂಸ್ಥೆಯು. ಟ್ರಿನಿಟಿ ಕಾಲೇಜು ೧೫೪೬ರಲ್ಲಿ ಎಂಟನೆಯ ಹೆನ್ರಿ ರಾಜನಿಂದ ಸ್ಥಾಪಿತವಾದುದು. ಅದರ ವಿದ್ಯಾರ್ಥಿಗಳಲ್ಲಿ ಕೆಲವರು ಕಾಲೇಜಿನ ಅಂಗಣಗಳ ಸುತ್ತಣ ಕೊಠಡಿಗಳಲ್ಲಿಯೂ, ಕೆಲವರು ಪಟ್ಟಣದ ಬಾಡಿಗೆಯ ಕೊಠಡಿಗಳಲ್ಲಿಯೂ ಇರುತ್ತಿದ್ದರು. ಹೀಗಾಗಿ ರಾಮಾನುಜನ್ನರ ಮುಂದೆ ಎರಡು ದಾರಿಗಳಿದ್ದುವು. ಕುಟುಂಬದ ಆಸರೆಯಿದ್ದ ನೆವಿಲ್ಲರ ಮನೆಯಂತಹ ಹೊರಗಣ ವಸತಿಯು ಒಂದು. ಹಾರ್ಡಿ ಲಿಟಲ್‌ವುಡ್ಡರು ವಾಸಿಸುತ್ತಿದ್ದ ಕಾಲೇಜಿನೊಳಗಣ ಒಂಟಿ ಕೊಠಡಿಯು ಮತ್ತೊಂದು.

ರಾಮಾನುಜನ್ನರು ಎರಡನೆಯದನ್ನು ಆರಿಸಿಕೊಂಡರು. ತಾವು ಹೊರಗೆ ಇದ್ದರೆ ತಮಗೂ ಅಧ್ಯಾಪಕರಿಗೂ ತೊಂದರೆಯಾಗುವುದೆಂಬುದೇ ಅವರು ಊರಿನ ಮಿತ್ರರಿಗೆ ತಿಳಿಸಿದ ಕಾರಣವು. ೧೯೧೪ರ ಜೂನ್ ತಿಂಗಳ ಆದಿಯಲ್ಲಿ ಹ್ಯೂವೆಲ್ ಅಂಗಣದಲ್ಲಿ ಒಂದು ವಸತಿಯನ್ನು ಪಡೆದರು. ಈ ಅಂಗಣವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಟ್ರಿನಿಟಿಯ ಅಧ್ಯಕ್ಷರಾಗಿದ್ದ ವಿಲಿಯಂ ಹ್ಯೂವೆಲ್ಲರ ಔದಾರ್ಯದಿಂದ ವಿದ್ಯಾರ್ಥಿಗಳ ವಾಸಕ್ಕಾಗಿ ಕಟ್ಟಲ್ಪಟ್ಟುದು. ಕಾಲೇಜಿನ ಮಹಾದ್ವಾರಕ್ಕೆ ಎದುರಾಗಿ ಬೀದಿಯ ಇನ್ನೊಂದು ಬದಿಯಲ್ಲಿದೆ. ಅಲ್ಲಿಂದ ಹಾರ್ಡಿಯವರ ಕೊಠಡಿಗೆ ಕೆಲವು ನಿಮಿಷಗಳ ನಡಿಗೆ. ಕಾಲಿಗೆ ಹಗುರವಾದ ಚಪ್ಪಲಿಗಳನ್ನು ಮೆಟ್ಟಿ ಅಂಗಣವನ್ನು ದಾಟಿ ಹೋಗುವ ಅವರ ಆಕೃತಿಯು ಅಲ್ಲಿಯವರಿಗೆ ಪರಿಚಿತವಾಯಿತು.

ಈ ಆಯ್ಕೆಯು ದೇಹಸುಖವನ್ನು ಬಿಟ್ಟು ಗುರುಸನ್ನಿಧಿಯನ್ನು ಹಿಡಿದ ಆಯ್ಕೆಯಾಗಿದ್ದಿತು. ಅದರ ಫಲವು ಕೂಡಲೆ ಕಂಡುಬಂದಿತು. ದಿನದಿನವೂ ಹೊಸ ಸೂತ್ರಗಳನ್ನು ತಂದು ರಾಮಾನುಜನ್ನರು ಗುರುವಿನ ಮುಂದಿಡುವರು. ಅವುಗಳಿಗೆ ಶಾಸ್ತ್ರಸಮ್ಮತವಾದ ಸಾಧನೆಯು ಹೇಗಿರಬೇಕೆಂಬುದನ್ನು ಹಾರ್ಡಿಯವರು ಅವರ ಸ್ವಭಾವಸಿದ್ಧವಾದ ಸ್ಫೂರ್ತಿಯು ಕುಂದದಂತೆ ಮೆಲ್ಲಮೆಲ್ಲನೆ ತೋರಿಸಿಕೊಡುವರು. ಗುರುವು ನಿರೀಶ್ವರವಾದಿ, ಶಿಷ್ಯನು ಪರಮ ದೈವಭಕ್ತ. ಈ ಭೇದವು ಅವರ ಸಂಬಂಧಕ್ಕೆ ಎಂದಿಗೂ ಅಡ್ಡಬರಲಿಲ್ಲ.

ಪಾಕನಿಯಮ

ಕೊಠಡಿಯೇನೋ ದೊರೆಯಿತು. ಅನ್ನದ ಪ್ರಶ್ನೆಯು ಉಳಿಯಿತು. ಟ್ರಿನಿಟಿಯ ಭೋಜನಶಾಲೆಯಲ್ಲಿ ಮಾಂಸಾಹಾರವೇ ಪ್ರಧಾನವಾಗಿದ್ದಿತು. ಶಾಕಪದಾರ್ಥಗಳನ್ನು ಮಾತ್ರ ಬೇರೆಯಾಗಿ ತೆಗೆದುಕೊಂಡರೂ, ಅವು ಪ್ರಾಣಿಗಳ ಕೊಬ್ಬಿನಲ್ಲಿ ಬೆಂದಿಲ್ಲವೆಂಬ ನಂಬಿಕೆಯು ರಾಮಾನುಜನ್ನರಿಗೆ ಉಂಟಾಗಲಿಲ್ಲ. ಆದುದರಿಂದ ಅವರು ಭೋಜನಶಾಲೆಯನ್ನು ಬಿಟ್ಟು, ಕೊಠಡಿಯ ಮೂಲೆಯ ಚಿಕ್ಕ ಗ್ಯಾಸಿನ ಒಲೆಯ ಮೇಲೆ ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳತೊಡಗಿದರು. ಬೀಜ ತೆಗೆದ ಹುಣಿಸೆಯ ಹಣ್ಣು, ತೆಂಗಿನೆಣ್ಣೆ ಮೊದಲಾದ ಸಾಮಗ್ರಿಗಳಿಗಾಗಿ ಊರಿಗೆ ಬರೆಯುತ್ತಿದ್ದರು. ಅವು ಹಡಗಿನಲ್ಲಿ ಬರುತ್ತಿದ್ದುವು.

ಸ್ವಯಂಪಾಕವು ನಮ್ಮ ದೇಶದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಆದರೆ ನಮ್ಮಲ್ಲಿ ಒಲೆಯ ಸುತ್ತಲೂ ನಾಲ್ವರು ಇರುವರು, ಹೊತ್ತಿಗೆ ಸರಿಯಾಗಿ ಉಣ್ಣಲು ಎಬ್ಬಿಸುವವರು ಇರುವರು. ಕೇಂಬ್ರಿಜಿನ ಕೊಠಡಿಯಲ್ಲಿ ಅವರು ಒಬ್ಬಂಟಿಗರು. ಲೆಕ್ಕದಲ್ಲಿ ಮನಸ್ಸು ಮುಳುಗಿದರೆ ಮೂವತ್ತು ಘಂಟೆಗಳವರೆಗೂ ಎಡೆಬಿಡದೆ ಕುಳಿತಿರುವರು, ಬಳಿಕ ದಿನವೆಲ್ಲ ಮಲಗುವರು. ಅಡಿಗೆಯು ದಿನಕ್ಕೊಮ್ಮೆ, ಕೆಲವು ವೇಳೆ ಎರಡು ದಿನಗಳಿಗೊಮ್ಮೆ, ಅದೂ ಅಪರಾತ್ರಿಯಲ್ಲಿ ಆಗುವುದಿತ್ತು. ಭೋಜನಶಾಲೆಯನ್ನು ಬಿಟ್ಟುದರಿಂದ ಅನ್ನದ ಶುದ್ಧಿಯು ಉಳಿಯಿತಾದರೂ, ಪಂಕ್ತಿಯಲ್ಲಿ ಕುಳಿತು ಉಣ್ಣುವವರ ನಡುವೆ ಬೆಳೆಯುವ ಸ್ನೇಹವು ಅವರಿಗೆ ದೊರೆಯದೆ ಹೋಯಿತು.

ಕೆಲವರು ಭಾರತೀಯ ಮಿತ್ರರು ಮಾತ್ರ ಬಂದುಹೋಗುತ್ತಿದ್ದರು. ಮುಂದೆ ಸಂಖ್ಯಾಶಾಸ್ತ್ರಜ್ಞರಾಗಿ ಪ್ರಸಿದ್ಧರಾದ ಪ್ರಶಾಂತಚಂದ್ರ ಮಹಲನೋಬೀಸರು ಆಗ ಕಿಂಗ್ಸ್ ಕಾಲೇಜಿನ ವಿದ್ಯಾರ್ಥಿಗಳು. ಒಮ್ಮೆ ಅವರು ಬಂದಾಗ ರಾಮಾನುಜನ್ನರು ರಾತ್ರಿಯೆಲ್ಲ ಚಳಿಯಲ್ಲಿ ನಡುಗುತ್ತಿರುವರೆಂದು ತಿಳಿಯಿತು. ಮಹಲನೋಬೀಸರು ಒಳಗೆ ಹೋಗಿ ನೋಡಿದರೆ, ಹಾಸಿಗೆಯಲ್ಲಿ ಕಂಬಳಿಗಳು ಅಂಚುಗಳನ್ನು ಒಳಸೇರಿಸಿ ಬಿಗಿಯಾಗಿ ಹಾಸಲ್ಪಟ್ಟಿದ್ದುವು. ಆ ದೇಶದ ಪದ್ಧತಿಯಂತೆ ಕಂಬಳಿಗಳ ಒಳಗೆ ನುಸುಳಿ ಮಲಗಬೇಕೆಂಬುದನ್ನು ಅರಿಯದೆ, ರಾಮಾನುಜನ್ನರು ಅವುಗಳ ಮೇಲೆಯೇ ನಿಲುವಂಗಿಯನ್ನು ಹೊದ್ದು ಮಲಗುತ್ತಿದ್ದರು. ಸಂಖ್ಯೆಗಳ ಅಂತರಂಗವನ್ನು ಬಲ್ಲವರಿಗೆ ಹಾಸಿಗೆಯ ಕ್ರಮವನ್ನು ಹೇಳಿಕೊಡುವವರು ಅದುವರೆಗೆ ಒಬ್ಬರೂ ಇರಲಿಲ್ಲ.

ಇನ್ನೊಂದು ಸಲ, ೧೯೧೪ರ ಡಿಸೆಂಬರಿನಲ್ಲಿ, ರಾಮಾನುಜನ್ನರು ಒಲೆಯ ಮುಂದೆ ಪಲ್ಯವನ್ನು ಕೈಯಾಡಿಸುತ್ತಿದ್ದಾಗ ಮಹಲನೋಬೀಸರು ಪತ್ರಿಕೆಯೊಂದರಲ್ಲಿ ಬಂದಿದ್ದ ಒಗಟನ್ನು ಓದಿ ಹೇಳಿದರು. ಒಂದು ಬೀದಿಯ ಮನೆಗಳಿಗೆ ಒಂದರಿಂದ ಕ್ರಮವಾಗಿ ಸಂಖ್ಯೆಗಳಿವೆ. ಒಂದು ಮನೆಯ ಒಂದು ಪಕ್ಕದ ಮನೆಗಳ ಸಂಖ್ಯೆಗಳನ್ನು ಕೂಡಿಸಿದರೆ ಬರುವ ಮೊತ್ತವೂ, ಇನ್ನೊಂದು ಪಕ್ಕದವುಗಳ ಮೊತ್ತವೂ ಸಮವಾಗಿವೆ. ಬೀದಿಯಲ್ಲಿ ೫೦ಕ್ಕಿಂತ ಹೆಚ್ಚು, ೫೦೦ಕ್ಕಿಂತ ಕಡಮೆ ಮನೆಗಳಿದ್ದರೆ ಆ ಮನೆ ಯಾವುದು? ಎಂಟು ಮನೆಗಳ ಬೀದಿಯಾದರೆ ಆರನೆಯ ಮನೆಯು ಅಂತಹುದು, ಏಕೆಂದರೆ ಎರಡು ಕಡೆಯೂ ಮೊತ್ತವು ೧೫. ಕೇಳಿದಷ್ಟು ದೊಡ್ಡ ಬೀದಿಯಲ್ಲಿ ೨೮೮ ಮನೆಗಳೂ, ಅವುಗಳಲ್ಲಿ ೨೦೪ನೆಯದೂ ಉತ್ತರವಾಗುವುವು. ಮಹಲನೋಬೀಸರು ಕೆಲವು ನಿಮಿಷಗಳಲ್ಲಿ ಒಂದು ಉತ್ತರವನ್ನು ಕಂಡುಹಿಡಿದಿದ್ದರು. ರಾಮಾನುಜನ್ನರಾದರೋ ಒಲೆಯ ಮುಂದಿನಿಂದ ಏಳದೆ, ಇಂತಹ ಎಲ್ಲ ಬೀದಿಗಳ ಎಲ್ಲ ಮನೆಗಳನ್ನೂ ಒಂದೇ ಸರಣಿಯಲ್ಲಿ ಕೊಡುವ ವಿತತಭಿನ್ನವನ್ನು ಹೇಳಿ ಬರೆಯಿಸಿದರು.

ಅತಿಥಿಸತ್ಕಾರದಲ್ಲಿ ಅವರಿಗೆ ಬಹಳ ಶ್ರದ್ಧೆ. ಮದುವೆಯು ನಿಶ್ಚಯವಾಗಿದ್ದ ಭಾರತೀಯ ಮಿತ್ರರೊಬ್ಬರನ್ನೂ ಅವರ ಭಾವೀಪತ್ನಿಯನ್ನೂ ಮತ್ತೊಬ್ಬ ಮಹಿಳೆಯನ್ನೂ ಒಂದು ದಿನ ಊಟಕ್ಕೆ ಕರೆದು, ತಾವೇ ಮಾಡಿದ ಸಾರನ್ನು ಬಡಿಸಿದರು. ಎರಡು ಸಲ ಬಡಿಸಿಕೊಂಡ ಮಹಿಳೆಯರು ಮೂರನೆಯ ಸಲ ಬೇಡವೆಂದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಮನೆಯ ಯಜಮಾನರೇ ಕಾಣಲಿಲ್ಲ. ಸಾರು ರುಚಿಸಲಿಲ್ಲವೆಂದು ಭಾವಿಸಿ, ಮನನೊಂದು, ಆ ಘಳಿಗೆಯಲ್ಲಿಯೇ ಊರನ್ನು ಬಿಟ್ಟು ಹೊರಟುಹೋಗಿದ್ದರು. ಕೆಲವು ದಿನಗಳ ಮೇಲೆ ಆಕ್ಸ್‌ಫರ್ಡಿನಿಂದ ಐದು ಪೌಂಡು ಹಣವನ್ನು ಕಳುಹಿಸಬೇಕೆಂದು ಅವರ ತಂತಿಯು ಬಂದಿತು. ಇದು ಕೇಳುವವರಿಗೆ ವಿನೋದವಾಗಿ ತೋರಬಹುದು. ಸ್ವದೇಶದಿಂದ ಐದು ಸಾವಿರ ಮೈಲಿಗಳಿಗಿಂತಲೂ ದೂರದಲ್ಲಿ, ತನ್ನ ಕೈಯಡಿಗೆಯೊಂದನ್ನೇ ತನ್ನ ಮನೆಯೆಂದು ಭಾವಿಸಿದ್ದವರಿಗೆ ಮಾತ್ರ ಅದು ವಿನೋದವಾಗಿರಲಿಲ್ಲ.

ಏಕಾಂತದ ಫಲ

ಆ ಕೊಠಡಿಯಲ್ಲಿ ನಡೆದ ತಪಸ್ಸು ನಿಷ್ಫಲವಾಗಲಿಲ್ಲ. ೧೯೧೪ರಲ್ಲಿ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ನಿಷ್ಪತ್ತಿಯನ್ನು ಅತಿಶೀಘ್ರವಾಗಿ ಗಣಿಸುವ ಸೂತ್ರಗಳೂ, ೧೯೧೫ರಲ್ಲಿ ಬಹುಭಾಜಕಗಳುಳ್ಳ ಸಂಖ್ಯೆಗಳ ಕುರಿತಾದ ದೀರ್ಘಪ್ರಬಂಧವೂ ಪ್ರಕಟವಾದುವು. ೧೯೧೬ರ ಮಾರ್ಚಿಯಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಸಂಶೋಧನೆಗಾಗಿ ಅವರಿಗೆ ಬಿ. ಎ. ಪದವಿಯನ್ನಿತ್ತಿತು. ಸ್ವದೇಶದ ಎರಡು ಕಾಲೇಜುಗಳಲ್ಲಿ ಅನುತ್ತೀರ್ಣರಾದವರು ಈ ರೀತಿ ಪದವೀಧರರಾದರು.

ಗುರುಶಿಷ್ಯರು ಕೂಡಿ ಸಾಧಿಸಿದ ಫಲಗಳಲ್ಲಿ ಸಂಖ್ಯಾವಿಭಜನೆಯ ಸೂತ್ರವು ಶ್ರೇಷ್ಠವಾದುದು. ನಾಲ್ಕು ಎಂಬ ಸಂಖ್ಯೆಯನ್ನು ನಾಲ್ಕು, ಮೂರು ಒಂದು, ಎರಡು ಎರಡು, ಎರಡು ಒಂದು ಒಂದು, ನಾಲ್ಕು ಒಂದುಗಳು ಎಂದು ಐದು ವಿಧವಾಗಿ ಒಡೆಯಬಹುದು. ಸಂಖ್ಯೆಯು ಬೆಳೆದಂತೆಲ್ಲ ಈ ವಿಧಗಳು ಊಹೆಗೂ ಮೀರಿ ಬೆಳೆಯುವುವು. ೨೦೦ ಎಂಬ ಸಂಖ್ಯೆಗೆ ಅವು ೩,೯೭೨,೯೯೯,೦೨೯,೩೮೮. ಮೇಜರ್ ಮ್ಯಾಕ್‌ಮಾಹನ್ ಎಂಬವರು ಶ್ರಮಪಟ್ಟು ಗಣಿಸಿದ ಈ ಸಂಖ್ಯೆಗೂ, ೧೯೧೮ರಲ್ಲಿ ಪ್ರಕಟವಾದ ಹಾರ್ಡಿ ರಾಮಾನುಜನ್ನರ ಸೂತ್ರದಿಂದ ಬಂದ ಸಂಖ್ಯೆಗೂ ಸರಿಹೋಯಿತು. ಒಬ್ಬರ ಸ್ಫೂರ್ತಿಯೂ ಇನ್ನೊಬ್ಬರ ಶಾಸ್ತ್ರವೂ ದಿನದಿನವೂ ಎದುರುಬದುರಾಗಿ ಕುಳಿತುದರಿಂದ ಮಾತ್ರವೇ ಇಂತಹ ಕಾರ್ಯವು ಸಾಧ್ಯವಾಯಿತು. ಸಮೀಪವಾಸವನ್ನು ಆರಿಸಿಕೊಂಡುದರ ಸಾರ್ಥಕ್ಯವು ಇದರಲ್ಲಿದೆ.

ಯುದ್ಧ ಮತ್ತು ವ್ಯಾಧಿ

ಆದರೆ ಅವರು ಕಾಲೇಜಿಗೆ ಬಂದ ಎರಡು ತಿಂಗಳಲ್ಲಿಯೇ, ೧೯೧೪ರ ಆಗಸ್ಟಿನಲ್ಲಿ, ಮಹಾಯುದ್ಧವು ಆರಂಭವಾಯಿತು. ಟ್ರಿನಿಟಿಯ ಒಂದು ಅಂಗಣದ ಮೊಗಸಾಲೆಯಲ್ಲಿ ಗಾಯಗೊಂಡ ಸೈನಿಕರಿಗಾಗಿ ಮಂಚಗಳನ್ನು ಹಾಕಿದರು. ವಿದ್ಯಾರ್ಥಿಗಳು ಯುದ್ಧಕ್ಕೆ ಹೋದುದರಿಂದ ಕೊಠಡಿಗಳು ಬರಿದಾದುವು. ಲಿಟಲ್‌ವುಡ್ಡರು ಫಿರಂಗಿದಳವನ್ನು ಸೇರಿದರು. ಗುರುಗಳ ಸಂಗಕ್ಕಾಗಿ ಮನೆಯ ಆಸರೆಯನ್ನು ಬಿಟ್ಟು ಬಂದವರಿಗೆ ಆ ಸಂಗವೂ ಅರ್ಧವಾಯಿತು. ಹಾಲು, ಹಣ್ಣು, ತರಕಾರಿಗಳು ದುರ್ಲಭವಾದುವು. ಸಮುದ್ರದಲ್ಲಿ ಶತ್ರುಗಳ ನೌಕೆಗಳು ಸಂಚರಿಸುತ್ತಿದ್ದುದರಿಂದ ಊರಿನಿಂದ ಬರತಕ್ಕ ಸಾಮಗ್ರಿಗಳಿಗೂ, ಊರಿಗೆ ಹೋಗತಕ್ಕ ದಾರಿಗೂ ಅಡ್ಡಿಯಾಯಿತು. ಮನೆಯಲ್ಲಿ ಅತ್ತೆಸೊಸೆಯರಿಗೆ ಹೊಂದಿಕೆಯಿಲ್ಲದೆ ಪತ್ನಿಯ ಪತ್ರಗಳು ಅವರ ಕೈಸೇರುತ್ತಿರಲಿಲ್ಲ.

೧೯೧೭ರ ವಸಂತಕಾಲದಲ್ಲಿ ಅವರು ಹಾಸಿಗೆಯನ್ನು ಹಿಡಿದರು. ಆಗಿನ ವೈದ್ಯರು ಕ್ಷಯರೋಗವೆಂದು ಶಂಕಿಸಿ, ಕೇಂಬ್ರಿಜಿನ ಶುಶ್ರೂಷಾಲಯದಿಂದ ಮೆಂಡಿಪ್ ಬೆಟ್ಟಗಳ ಆರೋಗ್ಯಧಾಮಕ್ಕೂ, ಅಲ್ಲಿಂದ ಡರ್ಬಿಷೈರಿನ ಮ್ಯಾಟ್‌ಲಾಕಿಗೂ, ಬಳಿಕ ಲಂಡನ್ನಿಗೂ ಕಳುಹಿಸಿದರು. ೧೯೯೪ರಲ್ಲಿ ಡಿ. ಎ. ಬಿ. ಯಂಗ್ ಎಂಬ ವೈದ್ಯರು ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಅದು ಭಾರತದಲ್ಲಿದ್ದಾಗಲೇ ಬಂದಿದ್ದ ಆಮಶಂಕೆಯ ಕ್ರಿಮಿಗಳು ಯಕೃತ್ತಿನಲ್ಲಿ ನೆಲಸಿದ್ದರಿಂದ ಉಂಟಾದ ರೋಗವಾಗಿರಬಹುದೆಂದು ಅಭಿಪ್ರಾಯಪಟ್ಟರು. ಹಾಗಿದ್ದ ಪಕ್ಷದಲ್ಲಿ ವ್ಯಾಧಿಯ ಮೂಲವು ಕೊಠಡಿಯ ವಾಸವಲ್ಲ. ಆದರೂ ಚಳಿ, ನಿದ್ರಾಭಂಗ, ಅಪೌಷ್ಟಿಕತೆ, ಒಂಟಿತನಗಳು ದೇಹದ ಬಲವನ್ನು ಮೊದಲೇ ಕುಗ್ಗಿಸಿದ್ದುವೆಂಬುದರಲ್ಲಿ ಸಂದೇಹವಿಲ್ಲ. ೧೯೧೮ರ ಆದಿಯಲ್ಲಿ ಮನಸ್ಸು ಕೂಡ ಕುಸಿದು, ಲಂಡನ್ನಿನಲ್ಲಿ ಪ್ರಾಣತ್ಯಾಗಕ್ಕೆ ಯತ್ನಿಸಿದರು. ದೈವಕೃಪೆಯಿಂದ ಉಳಿದರು. ಪೊಲೀಸರ ಕೈಯಿಂದ ಅವರನ್ನು ಬಿಡಿಸಿಕೊಂಡು ಬಂದವರು ಹಾರ್ಡಿಯವರೇ.

ಅದೇ ವರ್ಷದಲ್ಲಿಯೇ ಗೌರವಗಳೂ ಒದಗಿಬಂದುವು. ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಚುನಾಯಿಸಿತು. ಹಿಂದಿನ ವರ್ಷ ನಿರಾಕರಿಸಿದ್ದ ಟ್ರಿನಿಟಿಯ ಫೆಲೋ ಪದವಿಯು ೧೯೧೮ರ ಅಕ್ಟೋಬರಿನಲ್ಲಿ ದೊರೆಯಿತು. ಆ ಕಾಲೇಜಿನ ಫೆಲೋ ಆದ ಭಾರತೀಯರಲ್ಲಿ ಅವರೇ ಮೊದಲಿಗರು. ಪುಟ್ನಿಯ ಶುಶ್ರೂಷಾಲಯದಲ್ಲಿ ಅವರನ್ನು ನೋಡಲು ಬಂದ ಹಾರ್ಡಿಯವರು, ತಾವು ಬಂದ ಬಾಡಿಗೆ ಬಂಡಿಯ ೧೭೨೯ ಎಂಬ ಸಂಖ್ಯೆಯು ಸ್ವಾರಸ್ಯವಿಲ್ಲದುದೆಂದಾಗ, ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಸಂಖ್ಯೆಗಳಲ್ಲಿ ಅದೇ ಅತ್ಯಂತ ಚಿಕ್ಕದೆಂದು ರೋಗಶಯ್ಯೆಯಿಂದಲೇ ತಿಳಿಸಿದ ಪ್ರಸಂಗವು ಲೋಕವಿಖ್ಯಾತವಾಗಿದೆ. ಒಂದರ ಮತ್ತು ಹನ್ನೆರಡರ ಘನಗಳನ್ನು ಕೂಡಿಸಿದರೂ, ಒಂಬತ್ತರ ಮತ್ತು ಹತ್ತರ ಘನಗಳನ್ನು ಕೂಡಿಸಿದರೂ ಆ ಸಂಖ್ಯೆಯೇ ಬರುವುದು.

ದಾನಪತ್ರ

ಮದರಾಸು ವಿಶ್ವವಿದ್ಯಾಲಯವು ಅವರಿಗೆ ಐದು ವರ್ಷಗಳವರೆಗೆ ವರ್ಷಕ್ಕೆ ೨೫೦ ಪೌಂಡುಗಳನ್ನು ಕೊಡಲು ನಿಶ್ಚಯಿಸಿತು. ರೋಗದಿಂದ ಜರ್ಜರಿತರಾಗಿದ್ದರೂ ರಾಮಾನುಜನ್ನರು ೧೯೧೯ರ ಜನವರಿ ೧೧ರಂದು ವಿಶ್ವವಿದ್ಯಾಲಯಕ್ಕೆ ಒಂದು ಪತ್ರವನ್ನು ಬರೆದರು. ಈ ಹಣವು ತಮ್ಮ ಅವಶ್ಯಕತೆಗಿಂತ ಹೆಚ್ಚಾಗುವುದೆಂದೂ, ತಂದೆತಾಯಿಗಳಿಗೆ ವರ್ಷಕ್ಕೆ ೫೦ ಪೌಂಡುಗಳನ್ನು ಸಲ್ಲಿಸಿ, ತಮ್ಮ ಅಗತ್ಯದ ವೆಚ್ಚವು ಕಳೆದ ಮೇಲೆ ಉಳಿದುದನ್ನು ಬಡಬಾಲಕರ ಮತ್ತು ಅನಾಥರ ಶಾಲಾಶುಲ್ಕವನ್ನು ತಗ್ಗಿಸಲಿಕ್ಕೂ ಶಾಲೆಗಳಿಗೆ ಪುಸ್ತಕಗಳನ್ನು ಒದಗಿಸಲಿಕ್ಕೂ ವಿನಿಯೋಗಿಸಬೇಕೆಂದೂ ಅದರಲ್ಲಿ ಬಿನ್ನವಿಸಿಕೊಂಡಿದ್ದರು. ಫಲಪುಷ್ಪಗಳಿಂದ ತುಂಬಿದ ಮರವು ಬೇರು ಒಣಗುತ್ತಿರುವಾಗಲೂ ದಾರಿಗರಿಗೆ ನೆರಳನ್ನು ಕೊಡುವಂತೆ, ತಾವು ಪಟ್ಟ ಕಷ್ಟವನ್ನು ಇತರ ಬಾಲಕರು ಪಡಬಾರದೆಂಬ ಹಂಬಲವು ಅವರಲ್ಲಿದ್ದಿತು.

ಸ್ವದೇಶಾಗಮನ ಮತ್ತು ನಿರ್ಯಾಣ

೧೯೧೯ರ ಫೆಬ್ರವರಿ ೨೭ರಂದು ನಾಗೋಯಾ ಎಂಬ ಹಡಗಿನಲ್ಲಿ ಹೊರಟು ಮಾರ್ಚಿ ತಿಂಗಳಿನಲ್ಲಿ ಮುಂಬಯಿಗೆ ತಲಪಿದರು. ರಾಮೇಶ್ವರಕ್ಕೆ ಹೋಗಿ ಸಮುದ್ರಯಾನದ ಪ್ರಾಯಶ್ಚಿತ್ತವನ್ನು ಮಾಡಿಕೊಳ್ಳಬೇಕೆಂದಿದ್ದರೂ ದೇಹಸ್ಥಿತಿಯು ಅದಕ್ಕೆ ಅವಕಾಶವನ್ನು ಕೊಡಲಿಲ್ಲ. ಮದರಾಸು, ಕಾವೇರಿತೀರದ ಕೊಡುಮುಡಿ, ಕುಂಭಕೋಣಗಳಲ್ಲಿ ಇದ್ದು, ೧೯೨೦ರ ಆದಿಯಲ್ಲಿ ಪುನಃ ಮದರಾಸಿಗೆ ಬಂದರು. ಈಗ ಪತ್ನಿ ಜಾನಕಿಯವರು ಬಳಿಯಲ್ಲಿದ್ದು, ಬಿಸಿನೀರಿನ ಕಾವು ಕೊಡುತ್ತ, ಹೊತ್ತುಹೊತ್ತಿಗೆ ಪಥ್ಯವನ್ನು ಉಣಿಸುತ್ತ ಹಗಲಿರುಳು ಸೇವೆಮಾಡಿದರು. ಐದು ವರ್ಷಗಳ ಪರದೇಶವಾಸದಲ್ಲಿ ದೊರೆಯದ ಆರೈಕೆಯು ಕೊನೆಯ ವರ್ಷದಲ್ಲಿ ದೊರೆಯಿತು, ಆದರೆ ಕಾಲವು ಮೀರಿದ್ದಿತು. ಆ ಶಯ್ಯೆಯಲ್ಲಿಯೂ ಅವರು ಹಲಗೆಯನ್ನು ಬಿಡಲಿಲ್ಲ. ೧೯೨೦ರ ಜನವರಿಯಲ್ಲಿ ಹಾರ್ಡಿಯವರಿಗೆ ಬರೆದ ಕೊನೆಯ ಪತ್ರದಲ್ಲಿ ಮುಂದಿನ ಗಣಿತಜ್ಞರಿಗೆ ಶತಮಾನಕಾಲದ ಕೆಲಸವಾದ ಹೊಸ ಫಲನಗಳನ್ನು ಸೂಚಿಸಿದರು.

೧೯೨೦ರ ಏಪ್ರಿಲ್ ೨೬ರಂದು, ತಮ್ಮ ೩೨ನೆಯ ವಯಸ್ಸಿನಲ್ಲಿ, ಮದರಾಸಿನ ಚೇತ್‌ಪಟ್ಟಿನಲ್ಲಿ ಅವರು ದೇಹವನ್ನು ಬಿಟ್ಟರು. ಸಮುದ್ರವನ್ನು ದಾಟಿದವರೆಂಬ ಕಾರಣದಿಂದ ಬಂಧುಗಳಲ್ಲಿ ಅನೇಕರು ಅಂತ್ಯಕ್ರಿಯೆಗೆ ಬರಲಿಲ್ಲ. ಪರದೇಶದಲ್ಲಿ ಹಸಿದಿದ್ದಾದರೂ ಆಚಾರವನ್ನು ಉಳಿಸಿಕೊಂಡವರನ್ನು ಆಚಾರದ ಹೆಸರಿನಲ್ಲಿಯೇ ದೂರವಿಟ್ಟುದು ವಿಷಾದಕರವಾದುದು.

ಅವರ ಕೊನೆಯ ವರ್ಷದ ಲೆಕ್ಕಗಳ ಹಾಳೆಗಳು ಕಾಲಕ್ರಮದಲ್ಲಿ ಟ್ರಿನಿಟಿ ಕಾಲೇಜಿನ ಗ್ರಂಥಾಲಯವನ್ನೇ ಸೇರಿ, ೧೯೭೬ರಲ್ಲಿ ಜಾರ್ಜ್ ಆಂಡ್ರೂಸ್ ಎಂಬ ಅಮೆರಿಕದ ಗಣಿತಜ್ಞರ ಕಣ್ಣಿಗೆ ಬಿದ್ದುವು. ಜಾನಕಿಯವರು ದೀರ್ಘಾಯುಷ್ಯವನ್ನು ಹೊಂದಿ ೧೯೯೪ರಲ್ಲಿ ತೀರಿಕೊಂಡರು. ರಾಮಾನುಜನ್ನರ ಜನ್ಮದಿನವಾದ ಡಿಸೆಂಬರ್ ೨೨ನ್ನು ೨೦೧೨ರಿಂದ ಭಾರತದಲ್ಲಿ ರಾಷ್ಟ್ರೀಯ ಗಣಿತದಿನವನ್ನಾಗಿ ಆಚರಿಸಲಾಗುತ್ತಿದೆ.

ಉಪಸಂಹಾರ

ನೆವಿಲ್ಲರ ಮನೆಯಲ್ಲಿಯೇ ಉಳಿದಿದ್ದರೆ ರಾಮಾನುಜನ್ನರು ಹೆಚ್ಚು ಕಾಲ ಬದುಕುತ್ತಿದ್ದರೋ ಎಂಬುದನ್ನು ನಿರ್ಣಯಿಸುವುದು ಮನುಷ್ಯರಿಗೆ ಸಾಧ್ಯವಲ್ಲ. ಗುರುವಿನ ಬಳಿಯಲ್ಲಿ ವಾಸಿಸಬೇಕೆಂದು ಅವರು ಮಾಡಿದ ಆಯ್ಕೆಯು ವಿದ್ಯಾರ್ಥಿಧರ್ಮಕ್ಕೆ ಅನುಗುಣವಾದುದು, ಲೋಕಕ್ಕೆ ಅದರಿಂದ ಅಮೂಲ್ಯವಾದ ಲಾಭವಾಯಿತು. ಕೊರತೆಯಿದ್ದುದು ಆ ವಿದ್ಯಾಪೀಠದ ವ್ಯವಸ್ಥೆಯಲ್ಲಿ. ಅದು ಅವರಿಗೆ ಧನವನ್ನೂ, ಕೊಠಡಿಯನ್ನೂ, ಪದವಿಯನ್ನೂ, ಶ್ರೇಷ್ಠರಾದ ಗುರುಗಳನ್ನೂ ಕೊಟ್ಟಿತು. ಅವರ ನಿಯಮಕ್ಕೆ ತಕ್ಕ ಒಂದು ಹೊತ್ತಿನ ಬಿಸಿಯನ್ನವನ್ನೂ, ಊಟವಾಯಿತೇ ಎಂದು ವಿಚಾರಿಸುವ ಒಬ್ಬ ಹಿರಿಯರನ್ನೂ ಕೊಡಲಿಲ್ಲ.

ರಾಮಾನುಜನ್ನರು ಪರದೇಶದಲ್ಲಿ ಒಂಟಿಯಾಗಿ ಒಲೆ ಹೊತ್ತಿಸುತ್ತಿದ್ದ ಆ ದಶಕಗಳಲ್ಲಿಯೇ ಕನ್ನಡನಾಡಿನ ಅನೇಕ ಮಠಗಳೂ ಧರ್ಮಸಂಸ್ಥೆಗಳೂ ಬಡವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯಗಳನ್ನು ತೆರೆಯತೊಡಗಿದ್ದುವು. ಅಂತಹ ನಿಲಯಗಳಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ಬಾಲಕನಿಗೆ ತನಗೆ ದೊರೆತುದು ಎಷ್ಟು ದೊಡ್ಡದೆಂಬುದು ಆ ವಯಸ್ಸಿನಲ್ಲಿ ತಿಳಿಯದೆ ಇರಬಹುದು. ಹ್ಯೂವೆಲ್ ಅಂಗಣದ ಕೊಠಡಿಯನ್ನು ಸ್ಮರಿಸಿದರೆ ಅದು ತಿಳಿಯುವುದು. ಜ್ಞಾನದಾಸೋಹವನ್ನೂ ಅನ್ನದಾಸೋಹವನ್ನೂ ಬೇರ್ಪಡಿಸಕೂಡದೆಂಬ ಹಿರಿಯರ ವಿವೇಕಕ್ಕೆ ಈ ಮಹಾಗಣಿತಜ್ಞರ ಬಾಳು ಸಾಕ್ಷಿಯಾಗಿದೆ. ಬಡಬಾಲಕರ ವಿದ್ಯೆಗೆಂದು ಅವರು ರೋಗಶಯ್ಯೆಯಲ್ಲಿ ಬರೆದ ಪತ್ರವು, ವಿದ್ಯಾರ್ಥಿಗಳಿಗೆ ಆಶ್ರಯವನ್ನು ಕೊಡುವ ಪ್ರತಿಯೊಬ್ಬ ಗೃಹಸ್ಥನಿಗೂ, ಪ್ರತಿಯೊಂದು ಸಂಸ್ಥೆಗೂ ಬರೆದ ಪತ್ರವೆಂದು ಭಾವಿಸಿ ನಡೆದುಕೊಂಡರೆ ಅವರ ಸ್ಮರಣೆಯು ಸಾರ್ಥಕವಾಗುವುದು.